ಹೆಸರಿಲ್ಲದ ಪೆಟ್ಟಿಗೆಯ ಮೂರು ಸ್ವರ

ಗಂಗಾರಾಮ ಯಾರನ್ನೂ ನೇರವಾಗಿ ನೋಡುತ್ತಿರಲಿಲ್ಲ. ಎಡಗಿವಿಯನ್ನು ಮುಂದೆ ಮಾಡಿ, ಕತ್ತನ್ನು ಓರೆಯಾಗಿ ಚಾಚಿ, ಮನುಷ್ಯರನ್ನು ಸದ್ದಿನಿಂದಲೇ ಗುರುತು ಹಿಡಿಯುವವನಂತೆ ನಡೆದು ಬರುತ್ತಿದ್ದ. ಬನಹಟ್ಟಿಯ ಮಗ್ಗಗಳ ಗದ್ದಲದ ನಡುವೆ ಅಂಗೈಯಗಲದ ಅಂಗಡಿಯಲ್ಲಿ ಕೂತು, ಹೊಲದ ಪಂಪಿಗೆ ಕರೆಂಟು ಬಂದೊಡನೆ ಕೂಗಿ ಹೇಳುವ ಪುಟ್ಟ ಪೆಟ್ಟಿಗೆಗಳನ್ನು ಮಾಡುತ್ತಿದ್ದ. ಆ ಕೂಗಿನ ಮೂರು ಸ್ವರಗಳನ್ನು, ಮಗ್ಗದ ಸಪ್ಪಳದಲ್ಲಿ ಮುಳುಗದಂತೆ, ಮಲಗಿದ ಕೂಸು ಬೆಚ್ಚದಂತೆ, ತಿಂಗಳುಗಟ್ಟಲೆ ತಿದ್ದಿ ತೀಡಿ ಕಟ್ಟಿದವನು ಅವನೇ. ಪಕ್ಕದ ಚಿಮ್ಮಡ ಊರಿನ, ಓದು ಬಾರದ ಸುಂದರವ್ವ ಕಬ್ಬಿನ ಆಚೆ ದಂಡೆಯಲ್ಲಿ ಕಳೆ ಕೀಳುತ್ತಲೇ ಅದನ್ನು ಕೇಳಿ, ಎದ್ದು ನೀರು ತಿರುವುತ್ತಿದ್ದಳು.

“ಪೆಟ್ಟಿಗಿ ಮ್ಯಾಲ ನಿನ್ನ ಹೆಸರರ ಬರಿಯೋ ಮಾರಾಯಾ,” ಎಂದು ಒಮ್ಮೆ ಅವಳು ಅಂದಾಗ ನಕ್ಕಿದ್ದ.

“ಕೂಗಿದ್ರ ಸಾಕ್ ಬೇ ಯವ್ವಾ. ಯಾರ್ದಂತ ನಾಕೂರು ಹೇಳತಾವ.”

“ಹುಂಜಾನೂ ಹಿಂಗ ಅನ್ನಕೋತಿರತೈತಿ, ಕುತ್ತಿಗಿಗೆ ಕೈ ಬೀಳೂ ತನಕ.”

ಹೊಗಳಿದವನಿಗೆ ಚಹಾದ ಜೊತೆಗೆ ಗುಟ್ಟನ್ನೂ ಕೊಟ್ಟುಬಿಡುವುದು ಆ ಸೀಮೆಯ ರೂಢಿ. ದೊಡ್ಡ ಕಂಪನಿಯವನೊಬ್ಬ ಬಂದು ಹೊಗಳಿದ. ಗಂಗಾರಾಮ ರೆಕಾರ್ಡಿಗೆಂದು ಅವನ ಫೋನಿಗೆ ಪೆಟ್ಟಿಗೆಯನ್ನು ಹಿಡಿದು, “ಮತ್ತೊಮ್ಮೆ ತುಂಬ್ಕೋರಿ, ಮಗ್ಗದ ಸಪ್ಪಳ ಬಂತು,” ಎಂದು ತಾನೇ ಎರಡನೆಯ ಸಲ ಕೂಗಿಸಿದ. ಎರಡು ವರ್ಷಕ್ಕೆ ನೋಟೀಸು ಬಂತು: ಆ ಮೂರು ಸ್ವರ ಕಂಪನಿಯ ನೋಂದಾಯಿತ ಟ್ರೇಡ್‌ಮಾರ್ಕ್, ಇನ್ನು ಬಳಸಕೂಡದು, ಮಾರಿದ ಪೆಟ್ಟಿಗೆಗಳಲ್ಲೂ ಉಳಿಸಕೂಡದು.

ಅವನು ಹೋಗಿ ಕಂಡ ಜಮಖಂಡಿಯ ವಕೀಲೆ ರಾಜೇಶ್ವರಿ ಕೇಳಿದರು: “ಅವರಕಿಂತ ಮದಲ ನೀವು ಬಳಸೀರಿ ಅನ್ನಾಕ ಏನೈತ್ರಿ? ಬಿಲ್ಲು? ಜಾಹೀರಾತು? ಪೆಟ್ಟಿಗಿ ಮ್ಯಾಲ ಹೆಸರು?”

ಒಂದೂ ಇರಲಿಲ್ಲ. ಸಾಕ್ಷಿಗೆಂದು ಬಂದಿದ್ದ ಸುಂದರವ್ವ ಮುಂದೆ ಸರಿದಳು.

“ನಾ ಕೇಳೇನಿ, ಬರಕೋರಿ.”

“ಯಾವ ವರ್ಷರೀ ಯವ್ವಾ?”

“ನಮ್ಮ ಕರೀ ಎಮ್ಮಿ ಅವಳಿ ಹಾಕಿದ ವರ್ಷ.”

ರಾಜೇಶ್ವರಿ ಪೆನ್ನಿಗೆ ಮುಚ್ಚಳ ಹಾಕಿದ ಸಣ್ಣ ಸದ್ದು ಸುಂದರವ್ವನಿಗೆ ಕೇಳಿಸಿತು.

ತನ್ನ ಪೆಟ್ಟಿಗೆಗಳ ಕೂಗು ನಿಲ್ಲಿಸುವುದಾಗಿ ಗಂಗಾರಾಮ ಕಂಪನಿಯ ಒಪ್ಪಂದಕ್ಕೆ ಸಹಿ ಹಾಕಿದ. ಹೊಲದಿಂದ ಹೊಲಕ್ಕೆ ಅಲೆದು ತನ್ನ ಪೆಟ್ಟಿಗೆಗಳ ತಂತಿಯನ್ನು ತಾನೇ ಕತ್ತರಿಸುತ್ತ ಬಂದ. ಸುಂದರವ್ವನ ಪಂಪಿನ ಮುಂದೆ ಕೂತಿದ್ದಾಗಲೇ ಕರೆಂಟು ಬಂತು. ಅವನ ಪೆಟ್ಟಿಗೆ ಕೂಗಿತು. ಪಕ್ಕದ ಹೊಲದಿಂದ ಕಂಪನಿಯ ಹೊಸ ಪೆಟ್ಟಿಗೆಯೂ ಅವೇ ಮೂರು ಸ್ವರ ಕೂಗಿತು. ಅವನು ಬಹಳ ಹೊತ್ತು ಕಿವಿಗೊಟ್ಟ.

“ಅವರದ ಛಲೋ ಕೂಗತೈತಿ ಬೇ,” ಎಂದು, ತನ್ನದರ ತಂತಿ ಕತ್ತರಿಸಿದ.

ಕೆಲವರು ಹಾಗೆ: ತಾವು ಮಾಡಿದ್ದು ಜನರ ಕಿವಿ ಸೇರಿದ ಮೇಲೆ ಅದಕ್ಕಿಂತ ಭದ್ರವಾದ ಜಾಗ ಲೋಕದಲ್ಲಿಲ್ಲ ಎಂದು ನಂಬಿ ಬದುಕುತ್ತಾರೆ. ಅವರ ಕೆಲಸ ಸಾಯುವುದಿಲ್ಲ. ಬೇರೆಯವರ ಹೆಸರಿನಲ್ಲಿ ದಿನವೂ ಕೂಗುವ ಅದನ್ನು, ಬಾಯಿ ಮುಚ್ಚಿಕೊಂಡು ಕೇಳುವ ಶಿಕ್ಷೆಯಷ್ಟೇ ಅವರ ಪಾಲಿಗೆ ಉಳಿಯುತ್ತದೆ.