ಹಾಲುಗಂಬದ ಗುಂಡಿ

ಪುರಸಭೆಯ ಮೀಟಿಂಗಿಗೆ ಊರಿನವರು ಹೋಗಬಹುದು, ಹಿಂದಿನ ಬೆಂಚಿನಲ್ಲಿ ಕೂರಬಹುದು, ಆದರೆ ಬಾಯಿ ಬಿಡುವ ಹಾಗಿಲ್ಲವಂತೆ. ಈ ಕಾನೂನು ನನಗೆ ಗೊತ್ತಾಗಿದ್ದು ಅಲ್ಲಿ ಬಾಯಿ ಬಿಟ್ಟ ಮೇಲೆ.

ನಮ್ಮದು ಹುಣಸೂರಿಗೂ ಪಿರಿಯಾಪಟ್ಟಣಕ್ಕೂ ಓಡಾಡುವ ಬಸ್ಸುಗಳು ಅರೆಗಳಿಗೆ ನಿಂತು ಹೋಗುವ ಸಣ್ಣ ಊರು. ಊರು ಸಣ್ಣದಾದರೂ ಪುರಸಭೆ ಅಂತ ಒಂದು ಮಾಡಿಕೊಂಡಿದ್ದಾರೆ. ಗೌರಿ ಹಬ್ಬಕ್ಕೆ ಮುಂಚೆ ಒಳಚರಂಡಿ ಪೈಪು ಹಾಕುತ್ತೇವೆ ಎಂದು ಜೆಸಿಬಿ ತಂದು ನಮ್ಮ ಬೀದಿಯನ್ನು ಉದ್ದಕ್ಕೂ ಅಗೆದರು. ಪೈಪು ಹಾಕಿದರು. ಫೋಟೋ ತೆಗೆಸಿಕೊಂಡರು. ಮುಚ್ಚುವುದನ್ನು ಮಾತ್ರ ಮರೆತರು. ದೀಪಾವಳಿ ಹತ್ತಿರ ಬಂದರೂ ನಮ್ಮ ಬಾಗಿಲಿಗೂ ಬೀದಿಗೂ ನಡುವೆ ಆಳುದ್ದದ ಗುಂಡಿ, ಅದರಲ್ಲಿ ಮಳೆ ನೀರು, ಅದರ ಮೇಲೆ ಒಂದು ಹಲಗೆ. ನಾನು ರವಿಕೆ ಹೊಲಿಯುವವಳು. ಅಳತೆ ಕೊಡಲು ಬರುವ ಹೆಂಗಸರೆಲ್ಲ ಸೀರೆ ಎತ್ತಿ ಹಿಡಿದು, ದೇವರನ್ನು ನೆನೆದು ಆ ಹಲಗೆ ದಾಟಬೇಕು. ಅರ್ಧಕ್ಕರ್ಧ ಗಿರಾಕಿಗಳು ಬರುವುದನ್ನೇ ಬಿಟ್ಟರು.

ಅದನ್ನೂ ಸಹಿಸಿಕೊಳ್ಳುತ್ತಿದ್ದೆನೇನೋ. ಆದರೆ ನನ್ನ ಎರಡನೇ ಮಗಳು ಸ್ಪಂದನಾಳ ಮದುವೆ ಕಾರ್ತಿಕಕ್ಕೆ ನಿಶ್ಚಯವಾಗಿತ್ತು. ಗಂಡು ಹಾರನಹಳ್ಳಿಯವರು. ಧಾರೆ ಹುಣಸೂರಿನ ಛತ್ರದಲ್ಲಿ, ಹಿಂದಿನ ದಿನದ ಚಪ್ಪರ ನಮ್ಮ ಮನೆ ಬಾಗಿಲಲ್ಲಿ. ಚಪ್ಪರ ಅಂದರೆ ಹಾಲುಗಂಬ ನೆಡಬೇಕು. ಹಾಲು ಒಸರುವ ಅತ್ತಿ ಕೊಂಬೆಯನ್ನು ಸೋದರಮಾವ ಕಡಿದು ತಂದು ಮಣ್ಣಿನಲ್ಲಿ ನೆಟ್ಟು, ಮುತ್ತೈದೆಯರು ಹಾಲು ತುಪ್ಪ ಬಿಟ್ಟ ಮೇಲೇ ಹೆಣ್ಣಿಗೆ ಅರಿಶಿನ.

ದೊಡ್ಡವಳು ಮಧುಶ್ರೀಯ ಮದುವೆಯಲ್ಲಿ ನಾವು ಬಾಡಿಗೆ ಮನೆಯಲ್ಲಿದ್ದೆವು. ಆ ಓನರು ಮನೆ ಮುಂದೆ ಹೊಸದಾಗಿ ಟೈಲ್ಸ್ ಹಾಕಿಸಿದ್ದ, ಗುಂಡಿ ತೋಡಲು ಬಿಡಲಿಲ್ಲ. ಎಣ್ಣೆ ಡಬ್ಬಕ್ಕೆ ಮರಳು ತುಂಬಿ ಅದರಲ್ಲಿ ಹಾಲುಗಂಬ ನಿಲ್ಲಿಸಿದೆವು. ಬೀಗರ ಕಡೆಯ ಹೆಂಗಸೊಬ್ಬಳು, "ಅಯ್ಯೋ, ಡಬ್ಬದಾಗೇ ಮುಗಿಸ್ಬುಟ್ರಾ ಶಾಸ್ತ್ರವ!" ಎಂದು ನಕ್ಕಳು. ಅರಿಶಿನ ಹಚ್ಚಿಕೊಂಡು ಕೂತಿದ್ದ ನನ್ನ ಮಗಳು ತಲೆ ಬಗ್ಗಿಸಿದ್ದು ಇವತ್ತಿಗೂ ನನ್ನ ಕಣ್ಣಲ್ಲಿದೆ. ಆಮೇಲೆ ಹೊಟ್ಟೆ ಬಾಯಿ ಕಟ್ಟಿ ಈ ಮನೆ ಕಟ್ಟಿದೆವು. ಇನ್ನೊಬ್ಬಳ ಕಂಬವಾದರೂ ನಮ್ಮ ಬಾಗಿಲಲ್ಲಿ, ಮಣ್ಣಿನಲ್ಲೇ ಆಗಬೇಕು ಎಂದು ಆವತ್ತೇ ತೀರ್ಮಾನ ಮಾಡಿದ್ದೆ.

ನಮ್ಮ ಯಜಮಾನರು ಚಲುವಯ್ಯ, ಹಿಟ್ಟಿನ ಗಿರಣಿ ನಡೆಸುತ್ತಾರೆ. ಆ ಗಿರಣಿಯ ಸದ್ದಿನಲ್ಲಿ ಕೂತು ಕೂತು ಅವರಿಗೆ ಲೋಕದ ಯಾವ ಸದ್ದೂ ತಟ್ಟುವುದಿಲ್ಲ.

"ಬುಡು ಅತ್ಲಾಗೆ ರುಕ್ಮಿಣಿ. ಚಪ್ಪರನೂವೆ ಛತ್ರದ ಮುಂದ್ಲೇ ಆಕ್ಬುಡಾಣ" ಅಂದರು.

"ಯಾವೋನ್ದೋ ಛತ್ರದ ಮುಂದೆ ನನ್ ಮಗಳ ಕಂಬ ನೆಡಾಕೆ ನಾನ್ಯಾಕ್ರೀ ಮನೆ ಕಟ್ಟಿದ್ದು?" ಅಂದೆ. ಅವರು ಟವೆಲ್ ಹೆಗಲಿಗೆ ಹಾಕಿಕೊಂಡು ಗಿರಣಿಗೆ ಹೋದರು.

ನಮ್ಮ ವಾರ್ಡಿನ ಸದಸ್ಯೆ ವಾಣಿಶ್ರೀ. ಗೆದ್ದವಳು ಅವಳು, ಆದರೆ ಮೆಂಬರ್ರು ಎಂದು ಕರೆಸಿಕೊಳ್ಳುವುದು ಅವಳ ಗಂಡ ಮಹೇಶ್‌ಕುಮಾರ್. ಅವರ ಮನೆಗೆ ಎಷ್ಟು ಸಲ ಹೋದೆನೋ ಲೆಕ್ಕವಿಲ್ಲ. ಹೋದಾಗೆಲ್ಲ ವಾಣಿಶ್ರೀ ಕಾಫಿ ಕೊಡುವಳು, ಇವನು ಮಾತು ಕೊಡುವನು. "ನಾಳೀಕೆ ಮುಚ್ಚುಸ್ಬುಡ್ತೀನಿ ಕಣಕ್ಕ, ತಲೆ ಕೆಡಿಸ್ಕೋಬ್ಯಾಡಿ." ಇಂಜಿನಿಯರನ್ನು ಕೇಳಿದರೆ ಕಂಟ್ರಾಕ್ಟರನ್ನು ಕೇಳಿ ಎಂದ. ಕಂಟ್ರಾಕ್ಟರು ಫೋನೇ ಎತ್ತಲಿಲ್ಲ. ಹಾಳಾದವರು, ಅಗೆಯುವಾಗ ಯಾರನ್ನೂ ಕೇಳಿರಲಿಲ್ಲ!

ಕೊನೆಗೆ ಪುರಸಭೆಯ ಸಾಮಾನ್ಯ ಸಭೆಗೇ ಹೋಗುವುದೆಂದು ಪಕ್ಕದ ಮನೆಯ ಸುನಂದಮ್ಮನನ್ನು ಜೊತೆ ಮಾಡಿಕೊಂಡು ಹೊರಟೆ. ಅವಳದು ಬೀದಿನಾಯಿಯ ತಕರಾರು. ಸಭೆ ಮುಗಿಸಿ ಹಾಗೇ ನಾಲ್ಕು ಮನೆಗೆ ಲಗ್ನಪತ್ರಿಕೆ ಕೊಡೋಣವೆಂದು ಪತ್ರಿಕೆಯ ಕಟ್ಟು, ಕುಂಕುಮದ ಬಟ್ಟಲು ಚೀಲದಲ್ಲಿಟ್ಟುಕೊಂಡಿದ್ದೆ.

ಸಭೆ ಶುರುವಾಯಿತು. ಬಸ್‌ ಸ್ಟ್ಯಾಂಡಿನ ವೃತ್ತಕ್ಕೆ ಯಾರ ಹೆಸರಿಡಬೇಕು ಎಂದು ಜಗಳ ಹತ್ತಿಕೊಂಡಿತು. ಒಬ್ಬ ಎದ್ದ, ಇನ್ನೊಬ್ಬ ಮೈಕು ಕಿತ್ತುಕೊಂಡ. ಆ ವೃತ್ತವನ್ನು ನೋಡಿದ್ದೀರಾ? ಒಂದು ಒಡಕಲು ಕಟ್ಟೆ, ಅದರ ಮೇಲೆ ಒಂದು ಕೆಟ್ಟುಹೋದ ದೀಪ. ಅದಕ್ಕೆ ಹೆಸರು ಬೇರೆ ಕೇಡು. ಅದು ಮುಗಿಯುವಷ್ಟರಲ್ಲಿ ಅಧ್ಯಕ್ಷರ ಕೋಣೆಗೆ ಏಸಿ ಹಾಕಿಸುವ ವಿಷಯ ಬಂತು. ಅದು ಮಾತ್ರ ಜಗಳವಿಲ್ಲದೆ ಪಾಸಾಯಿತು. ಆಮೇಲೆ ಬಾದಾಮಿ ಹಾಲು, ಬಿಸ್ಕತ್ತು ಬಂದವು. ಸುನಂದಮ್ಮ ಗೋಡೆಗೊರಗಿ ತೂಕಡಿಸಿದಳು. ನಾನು ತಡೆಯಲಾರದೆ ಎದ್ದು ನಿಂತೆ.

"ಸ್ವಾಮಿ, ನಮ್ಮನೆ ಮುಂದ್ಲ ಗುಂಡಿ…"

"ಸಾರ್ವಜನಿಕರು ಮಾತಾಡೋ ಹಾಗಿಲ್ಲಮ್ಮ. ನಿಮ್ಮ ವಾರ್ಡಿನ ಸದಸ್ಯರಿಂದ ಹೇಳಿಸಿ" ಎಂದರು ಮುಖ್ಯಾಧಿಕಾರಿ, ಬಿಸ್ಕತ್ತು ಬಾಯಲ್ಲಿಟ್ಟುಕೊಂಡೇ.

ವಾಣಿಶ್ರೀಯ ಕಡೆ ನೋಡಿದೆ. ನಾನೇ ಹೊಲಿದ ಹಸಿರು ರವಿಕೆ ತೊಟ್ಟು ಕೂತಿದ್ದಳು. ಅವಳು ಕಿಟಕಿಯ ಕಡೆ ನೋಡಿದಳು. ಸದಸ್ಯರ ಗಂಡಂದಿರನ್ನು ಒಳಗೆ ಬಿಡುವುದಿಲ್ಲವಾದ್ದರಿಂದ ಮಹೇಶ್‌ಕುಮಾರ್ ಕಿಟಕಿಯಾಚೆ ನಿಂತಿದ್ದ. ಬೇಡ ಎಂದು ಕೈಯಾಡಿಸಿದ. ಅವಳು ತಲೆ ತಗ್ಗಿಸಿ ಮೊಬೈಲು ನೋಡತೊಡಗಿದಳು. ನನಗೆ ಮೈಯೆಲ್ಲ ಉರಿದುಹೋಯಿತು. ಆ ರವಿಕೆಯ ತೋಳನ್ನು ಬಿಗಿಯಾಗಿ ಹೊಲಿದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಆಗ ಚೀಲದ ನೆನಪಾಯಿತು.

"ಮಾತಾಡಂಗಿಲ್ಲ, ಸರಿ. ಮಗಳ ಮದ್ವೆಗೆ ಕರೀಬೋದಾ?" ಅಂದೆ.

ಲಗ್ನಪತ್ರಿಕೆ ಹಿಡಿದು ಬಂದ ಹೆಂಗಸನ್ನು ಬೇಡ ಅನ್ನುವ ಗಂಡಸು ನಮ್ಮ ಕಡೆ ಇನ್ನೂ ಹುಟ್ಟಿಲ್ಲ. ನಾನು ಕುಂಕುಮದ ಬಟ್ಟಲು ತೆಗೆದೆ. ಹೆಣ್ಣು ಸದಸ್ಯರಿಗೆ ಕುಂಕುಮ ಕೊಟ್ಟೆ, ಗಂಡಸರಿಗೆ ಎರಡು ಕೈಯಲ್ಲಿ ಪತ್ರಿಕೆ ಕೊಟ್ಟೆ. ಒಬ್ಬೊಬ್ಬರೇ ಕುರ್ಚಿಯಿಂದ ಎದ್ದು ತೆಗೆದುಕೊಂಡರು. ಅಧ್ಯಕ್ಷರೂ ಎದ್ದರು.

"ಚಪ್ಪರದ ದಿನ ಎಲ್ರೂ ನಮ್ಮನೇಲೇ ಉಣ್ಬೇಕು. ಗುರ್ತು ಕೇಳೋದೇ ಬ್ಯಾಡ, ನಮ್ಮ ಬೀದೀಲಿ ದೊಡ್ಡ ಗುಂಡಿ ಎಲ್ಲೈತೋ ಅದೇ ನಮ್ಮನೆ. ಒಂದು ಹಲಗೆ ಆಕಿವ್ನಿ. ಒಬ್ಬೊಬ್ರೇ ಬರ್ರಪ್ಪ, ಪಂಚೆ ಉಟ್ಟೋರು ಚೂರು ಎತ್ತಿ ಕಟ್ಕೊಳ್ಳಿ."

ಹಿಂದಿನ ಬೆಂಚಿನವರು ನಕ್ಕರು. ಸುನಂದಮ್ಮನಿಗೂ ಎಚ್ಚರವಾಯಿತು. ಅಧ್ಯಕ್ಷರು ಪತ್ರಿಕೆ ತಿರುಗಿಸಿ ನೋಡುತ್ತಾ, "ಇನ್ನೂ ಯಾರ್ಯಾರು ಬತ್ತಾವ್ರಮ್ಮ?" ಎಂದರು.

"ಶಾಸಕರು ಬತ್ತೀನಿ ಅಂದವ್ರೆ, ಸ್ವಾಮಿ."

ಅವರಿಗೆ ಪತ್ರಿಕೆ ಕೊಟ್ಟಿದ್ದು ನಿಜ, ಅವರ ಕಚೇರಿಯ ಕಾವಲಿನವನ ಕೈಗೆ. ಬರುತ್ತೇನೆ ಅಂದಿದ್ದು ನಾನೇ ಸೇರಿಸಿದ ಮಾತು. ಆದರೆ ಆ ಮಾತು ಬಿದ್ದದ್ದೇ ಅಧ್ಯಕ್ಷರು ಮುಖ್ಯಾಧಿಕಾರಿಯನ್ನು ನೋಡಿದರು, ಮುಖ್ಯಾಧಿಕಾರಿ ಇಂಜಿನಿಯರನ್ನು ನೋಡಿದರು, ಇಂಜಿನಿಯರು ಬಾದಾಮಿ ಹಾಲಿನ ಲೋಟ ಕೆಳಗಿಟ್ಟ.

ಮಾರನೇ ಬೆಳಿಗ್ಗೆ ನಾನು ಬಾಗಿಲು ಸಾರಿಸುವ ಮೊದಲೇ ಜೆಸಿಬಿ ಬಂದಿತ್ತು. ತಿಂಗಳುಗಟ್ಟಲೆ ಬಾಯ್ತೆರೆದು ಕೂತಿದ್ದ ಗುಂಡಿ ಮಧ್ಯಾಹ್ನದೊಳಗೆ ಮುಚ್ಚಿಹೋಯಿತು. ಅಷ್ಟಕ್ಕೇ ನಿಲ್ಲಲಿಲ್ಲ. ಒಂದು ದಿನ ಬಿಟ್ಟು ನಾನೂ ಸ್ಪಂದನಾನೂ ಹುಣಸೂರಿಗೆ ಬಳೆ ತರಲು, ಹೂವಿನ ಹಾರಕ್ಕೆ ಮುಂಗಡ ಕೊಡಲು ಹೋಗಿ ಬರುವಷ್ಟರಲ್ಲಿ ಬೀದಿಗೆ ಕಾಂಕ್ರೀಟೇ ಬಿದ್ದಿತ್ತು. ಆ ಕಡೆ ಗೋಡೆಯಿಂದ ಈ ಕಡೆ ಗೋಡೆಯವರೆಗೆ, ನಮ್ಮ ಬಾಗಿಲ ಮೆಟ್ಟಿಲನ್ನು ಮುಟ್ಟುವ ಹಾಗೆ. ಮಹೇಶ್‌ಕುಮಾರ್ ಬಿಳಿ ಶರ್ಟು ತೊಟ್ಟು ನಿಂತಿದ್ದ.

"ಎಂಗೈತೆ ಅಕ್ಕ? ನೀವು ಮುಚ್ಚಿ ಅಂದ್ರಿ, ನಾನು ರಸ್ತೆನೇ ಕೊಟ್ಟೆ!"

ನನಗೆ ಎಷ್ಟು ಖುಷಿಯಾಯಿತೆಂದರೆ ಅವನಿಗೆ ಕಾಫಿ ಮಾಡಿಕೊಟ್ಟೆ. ಸಕ್ಕರೆ ಒಂದು ಚಮಚ ಜಾಸ್ತಿಯೇ ಹಾಕಿದೆ. ದಿನಾ ಬೆಳಿಗ್ಗೆ ಸಂಜೆ ಬಕೆಟ್ಟಿನಲ್ಲಿ ನೀರು ಹೊತ್ತು ಆ ಕಾಂಕ್ರೀಟಿಗೆ ಕ್ಯೂರಿಂಗ್ ಮಾಡಿದವಳೂ ನಾನೇ.

ಚಪ್ಪರದ ದಿನ ಬಂತು. ಶಾಮಿಯಾನದವನು ಕಬ್ಬಿಣದ ಕಂಬಗಳನ್ನು ಕಾಂಕ್ರೀಟಿನ ಮೇಲೇ ನಿಲ್ಲಿಸಿ, ತೆಂಗಿನ ಗರಿ, ಮಾವಿನ ಸೊಪ್ಪು ಕಟ್ಟಿಕೊಟ್ಟ. ನೆಂಟರು ತುಂಬಿದರು. ಗಂಡನ ಮನೆಯಿಂದ ಮಧುಶ್ರೀ ಬಂದಳು. ರಾಹುಕಾಲ ಬರುವ ಮೊದಲು ಹಾಲುಗಂಬ ಆಗಬೇಕಿತ್ತು. ಗಾವಡಗೆರೆಯಿಂದ ನನ್ನ ತಮ್ಮ ಯತೀಶ್ ಹೆಗಲ ಮೇಲೆ ಅತ್ತಿ ಕೊಂಬೆ ಹೊತ್ತು ಬಂದು ಬಾಗಿಲ ಮುಂದೆ ನಿಂತ. ಆ ಕಡೆ ನೋಡಿದ, ಈ ಕಡೆ ನೋಡಿದ.

"ಅಕ್ಕೋ, ಎಲ್ ನೆಡಾದು ಇದ್ನ?"

ಗುಂಡಿ ಮುಚ್ಚಿ, ಗುಂಡಿ ಮುಚ್ಚಿ ಎಂದು ಊರೆಲ್ಲ ಬಡಿದುಕೊಂಡವಳಿಗೆ ಕಂಬಕ್ಕೊಂದು ಗುಂಡಿ ಬೇಕು ಅನ್ನುವುದೇ ಹೊಳೆದಿರಲಿಲ್ಲ. ಎಲ್ಲಿ ನೋಡಿದರೂ ಕಾಂಕ್ರೀಟು, ಒಂದು ಹಿಡಿ ಮಣ್ಣಿಲ್ಲ. ನನ್ನ ತಲೆಗಿಷ್ಟು ಬೆಂಕಿ ಹಾಕ! ಎಂದುಕೊಂಡೆ.

ಅಷ್ಟರಲ್ಲಿ ಯಾರೋ ಪುಣ್ಯಾತ್ಮರು ಅಡುಗೆಯವರ ಹತ್ತಿರ ಹೋಗಿ ಒಂದು ಖಾಲಿ ಎಣ್ಣೆ ಡಬ್ಬ ತಂದು ಬಾಗಿಲಲ್ಲಿಟ್ಟರು. "ಇದ್ಕೆ ಮರಳು ತುಂಬುದ್ರೆ ಆಯ್ತಪ್ಪ" ಅಂದರು. ಮಧುಶ್ರೀ ಕೈಯಲ್ಲಿ ಹಾಲಿನ ಚೊಂಬು ಹಿಡಿದು ನಿಂತಿದ್ದಳು. ಡಬ್ಬ ನೋಡಿದಳು. ಹಾಗೇ ಒಳಗೆ ಹೋದಳು. ನನಗೆ ಅಳು ಬಂತು, ಅದಕ್ಕಿಂತ ಜೋರಾಗಿ ಸಿಟ್ಟು ಬಂತು. ಡಬ್ಬವನ್ನು ಕಾಲಲ್ಲಿ ಒದ್ದೆ.

"ಆರೆ ತಕ್ಕಂಬನ್ರೋ ಯಾರಾರ, ಕಾಂಕ್ರೀಟ್ ಒಡೀರಿ!" ಎಂದು ಕೂಗಿದೆ.

ಸರಿಯಾಗಿ ಅದೇ ಹೊತ್ತಿಗೆ ಪುರಸಭೆಯ ಸವಾರಿ ಬಂತು. ಅಧ್ಯಕ್ಷರು, ಮುಖ್ಯಾಧಿಕಾರಿ, ಇಂಜಿನಿಯರು, ವಾಣಿಶ್ರೀ, ಎಲ್ಲರಿಗಿಂತ ಮುಂದೆ ಶಾಸಕರಿಗೆಂದು ಸೇಬಿನ ಹಾರ ಹಿಡಿದ ಮಹೇಶ್‌ಕುಮಾರ್. ವಿಷಯ ತಿಳಿದದ್ದೇ ಅವನು ಹಾರ ಸಮೇತ ಓಡಿ ಬಂದು ಮೆಟ್ಟಿಲ ಮುಂದೆ ಕೈ ಅಗಲಿಸಿ ನಿಂತ.

"ಅಕ್ಕಾ, ಬ್ಯಾಡ ಕಣಕ್ಕ! ಸರ್ಕಾರಿ ರಸ್ತೆ ಇದು. ಇನ್ನೂ ಬಿಲ್ಲೇ ಆಗಿಲ್ಲ!"

"ರಸ್ತೆ ಅಗೆಯೋದಕ್ಕೆ ಅರ್ಜಿ ಕೊಡಬೇಕಮ್ಮ. ಮುಂದಿನ ಸಭೆಯಲ್ಲಿ ಇಡ್ತೀವಿ" ಎಂದರು ಮುಖ್ಯಾಧಿಕಾರಿ.

"ಮುಂದಿನ ಸಭೆ ಒತ್ಗೆ ನನ್ ಮಗಳು ಬಸುರಿಯಾಗಿರ್ತಾಳೆ ಕಣ್ರೀ!" ಅಂದೆ. ಒಳಗಿನಿಂದ ಸ್ಪಂದನಾ, "ಅಮ್ಮಾ!" ಎಂದು ಕಿರುಚಿದಳು.

ರಾಹುಕಾಲ ಬಂತು, ಬಂತು ಎಂದು ಹಿರಿಯರು ಗೊಣಗಿದರು. ಒಡೆದರೆ ಕೇಸು, ಬಿಟ್ಟರೆ ಡಬ್ಬ. ಅಷ್ಟು ಗಟ್ಟಿ ಕಾಂಕ್ರೀಟನ್ನು ಒಡೆಯುವಷ್ಟರಲ್ಲಿ ಹೊತ್ತು ಮೀರುತ್ತದೆ ಎಂದು ಯತೀಶ್ ಬೇರೆ ಹೇಳಿದ. ಮಹೇಶ್‌ಕುಮಾರ್ ಅಲುಗಲಿಲ್ಲ.

ಆಗ ನಮ್ಮ ಯಜಮಾನರು ಹಿತ್ತಿಲಿನಿಂದ ಹಾರೆ ಹಿಡಿದುಕೊಂಡು ಬಂದರು. ಇಷ್ಟು ದಿನ ಬುಡು ಅತ್ಲಾಗೆ, ಬುಡು ಅತ್ಲಾಗೆ ಅಂದ ಮನುಷ್ಯ. ಸ್ಪಂದನಾಳ ಮದುವೆಗೆಂದು ಹೊಲಿಸಿದ್ದ ಹೊಸ ಶರ್ಟಿನ ತೋಳು ಮಡಿಸಿಕೊಂಡರು.

"ಮಹೇಸಣ್ಣ, ಚೂರು ಸರ್ಕಳಪ್ಪ. ಕಾಲ್ಗೆ ಬಿದ್ದಾತು."

ಅವನು ಹಾರ ತಬ್ಬಿಕೊಂಡು ಪಕ್ಕಕ್ಕೆ ಹಾರಿದ. ಇವರು ಹಾರೆ ಎತ್ತಿ ಒಂದು ಏಟು ಹಾಕಿದರು.

ಒಂದೇ ಏಟು. ಹಾರೆ ಅರ್ಧ ಮೊಳ ಒಳಗೆ ಇಳಿದು ನಿಂತಿತು. ಗಟ್ಟಿ ಏಟು ಹಾಕಲು ಮೈ ಬಿಗಿದಿದ್ದ ಇವರು ಮುಗ್ಗರಿಸಿ ಬೀಳುವುದರಲ್ಲಿದ್ದರು. ಯತೀಶ್ ಬಗ್ಗಿ ಬೆರಳು ಹಾಕಿ ಎಳೆದ. ಕಾಂಕ್ರೀಟು ಕಾವಲಿಯಿಂದ ಅಕ್ಕಿರೊಟ್ಟಿ ಎದ್ದ ಹಾಗೆ ಎದ್ದುಬಂತು. ಎರಡು ಬೆರಳಿನಷ್ಟು ದಪ್ಪವಿತ್ತು. ಅದರ ಕೆಳಗೆ ನಮ್ಮ ಕೆಂಪು ಮಣ್ಣು, ನಾನು ದಿನಾ ಹೊತ್ತು ಸುರಿದ ನೀರಿನಿಂದ ಹದವಾಗಿ ಒದ್ದೆಯಾಗಿತ್ತು.

ಅಧ್ಯಕ್ಷರು ಇಂಜಿನಿಯರನ್ನು ನೋಡಿದರು. ಇಂಜಿನಿಯರು ಮಹೇಶ್‌ಕುಮಾರನನ್ನು ನೋಡಿದ. ಮಹೇಶ್‌ಕುಮಾರ್ ಸೇಬು ಎಣಿಸುತ್ತಿದ್ದ. ಕಳಪೆ ಕೆಲಸ ಮಾಡಿದ್ದಕ್ಕೆ ಅವನಿಗೆ ಬಾಯಿಗೆ ಬಂದ ಹಾಗೆ ಬಯ್ಯಬೇಕೋ, ಕಳಪೆಯಾಗಿದ್ದಕ್ಕೆ ಕೈ ಮುಗಿಯಬೇಕೋ ನನಗೆ ತಿಳಿಯಲಿಲ್ಲ. ಎರಡನ್ನೂ ಆಮೇಲೆ ಮಾಡೋಣವೆಂದು ಬಿಟ್ಟೆ.

ವಾಣಿಶ್ರೀ ಮಾತ್ರ ಆ ಎದ್ದುಬಂದ ಕಾಂಕ್ರೀಟಿನ ಚಕ್ಕೆಯನ್ನು ಕೈಯಲ್ಲಿ ತಿರುಗಿಸಿ ನೋಡುತ್ತಿದ್ದಳು. "ಇದ್ಕಾ ನನ್ ಕೈಲಿ ಸೈನ್ ಆಕಿಸ್ಕಂಡಿದ್ದು?" ಎಂದು ಗಂಡನನ್ನು ಕೇಳಿದಳು. ಐದು ಮನೆಗೆ ಕೇಳುವಷ್ಟು ಜೋರಾಗಿ ಕೇಳಿದಳು. ಅವನು ಸುತ್ತ ನೋಡಿ, "ಮನೇಲಿ ಮಾತಾಡಾಣ ನಡಿ" ಅಂದ. ಅವಳು ಹೋಗಲಿಲ್ಲ. ಹಾಲು ಬಿಡುವ ಮುತ್ತೈದೆಯರ ಸಾಲಿನಲ್ಲಿ ಬಂದು ನಿಂತಳು.

ಯತೀಶ್ ಗುಂಡಿ ತೋಡಿ ಕೊಂಬೆ ಇಳಿಸಿದ. "ಮಧೂ, ಬಾರೇ ಈಚೆಗೆ!" ಎಂದು ಕೂಗಿದೆ. ಬಂದಳು. ಮೊದಲ ಹಾಲು ಅವಳೇ ಬಿಟ್ಟಳು. ಆಮೇಲೆ ಸೀರೆಯ ನೆರಿಗೆ ಮಣ್ಣಾಗುವುದನ್ನೂ ನೋಡದೆ ಕುಕ್ಕರಗಾಲಲ್ಲಿ ಕೂತು ಕಂಬದ ಬುಡಕ್ಕೆ ಎರಡೂ ಕೈಯಲ್ಲಿ ಮಣ್ಣು ಒತ್ತತೊಡಗಿದಳು. ವಾಲಗದವರು ಊದಿದರು. ಅಧ್ಯಕ್ಷರು ಮೆಲ್ಲಗೆ ನನ್ನ ಹತ್ತಿರ ಬಂದು, "ಶಾಸಕ್ರು ಎಷ್ಟೊತ್ಗೆ ಬತ್ತಾರಮ್ಮ?" ಎಂದು ಕೇಳಿದರು.

"ನೀವು ಉಣ್ಣಾಕ್ ಕುಂತ್ಕಳಿ ಸ್ವಾಮಿ, ಬತ್ತಾರೆ" ಅಂದೆ.

ಮಧುಶ್ರೀ ಇನ್ನೂ ಎದ್ದಿರಲಿಲ್ಲ. ಕಂಬ ನೆಟ್ಟಗೆ ನಿಂತು ಎಷ್ಟೋ ಹೊತ್ತಾಗಿತ್ತು.

"ಸಾಕು ಏಳವ್ವ, ಗಟ್ಟಿಯಾಗದೆ" ಅಂದೆ.

"ಇರಮ್ಮ, ಇನ್ನೊಂಚೂರು" ಎಂದಳು ತಲೆಯೆತ್ತದೆ. ನಾನೂ ಅವಳ ಪಕ್ಕದಲ್ಲಿ ಕೂತು ಮಣ್ಣು ಒತ್ತಿದೆ.