ಜಾರದ ಸ್ಟೇಷನ್

ನಂದಿದುರ್ಗದ ಲೈನಿನಲ್ಲಿ, ಅಂದರೆ ಚಿನ್ನದ ಗಣಿಯ ಕೂಲಿಗಳ ಮನೆಸಾಲಿನಲ್ಲಿ, ರೇಡಿಯೋ ಇದ್ದದ್ದು ಕುಪ್ಪುಸ್ವಾಮಿಯ ಟೀ ಅಂಗಡಿಯಲ್ಲಿ. ಆದರೆ ಅದು ಮಾತು ಕೇಳುತ್ತಿದ್ದದ್ದು ಆಂಜಿನಪ್ಪನ ಕೈ ಒಂದನ್ನೇ. ತಂದವನು ಕುಪ್ಪುಸ್ವಾಮಿ, ಲೈಸೆನ್ಸು ಅವನ ಹೆಸರಿನಲ್ಲಿ, ದಿನಾ ಬೆಳಗ್ಗೆ ಅದಕ್ಕೆ ಊದುಬತ್ತಿ ಹಚ್ಚುವವನೂ ಅವನೇ. ಏನು ಬಂತು? ಅವನು ಗುಂಡಿ ಮುಟ್ಟಿದರೆ ಸಾಕು, ಪೆಟ್ಟಿಗೆಯೊಳಗೆ ಕಡಲೆಕಾಯಿ ಹುರಿದ ಹಾಗೆ ಚಟಪಟ ಶುರುವಾಗುತ್ತಿತ್ತು. ಸಿಲೋನು ಸ್ಟೇಷನ್ ಹಿಡಿಯುವುದೆಂದರೆ ಹುಡುಗಾಟವೇ! ಮುಳ್ಳು ಕೂದಲೆಳೆಯಷ್ಟು ಆಚೆ ಹೋದರೆ ಯಾವುದೋ ದೇಶದವರು ಬಂದು ಕೂಗಾಡುತ್ತಾರೆ, ಈಚೆ ಬಂದರೆ ಬರೀ ಗಾಳಿ. ಆಂಜಿನಪ್ಪ ಮಾತ್ರ ಕಣ್ಣು ಮುಚ್ಚಿ, ಎರಡೇ ಬೆರಳಲ್ಲಿ ಗುಂಡಿ ಹಿಡಿದು, ಹಾಡು ಮುಗಿಯುವವರೆಗೂ ಹದ ನೋಡುತ್ತ ಕೂತಿರುತ್ತಿದ್ದ. ಗಣಿಯೊಳಗೆ ಬಂಡೆ ಸಿಡಿದು ಲೈನಿನ ಪಾತ್ರೆಪಡಗವೆಲ್ಲ ಗಲಗಲ ಅಂದಾಗಲೂ ಅವನ ಕೈಯಲ್ಲಿ ಸ್ಟೇಷನ್ ಜಾರಿದ್ದಿಲ್ಲ.

ನಮ್ಮ ಕಡೆಯವರಿಗೆ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಹಾಡಿಗೆ ತೆಲುಗು. ಭಾನುವಾರ ಮಧ್ಯಾಹ್ನ ಸಿಲೋನಿನಿಂದ ಹಳೇ ತೆಲುಗು ಸಿನಿಮಾ ಹಾಡು ಬರುವ ಹೊತ್ತಿಗೆ ಗಂಡಸರೆಲ್ಲ ಅಂಗಡಿಯ ಬೆಂಚಿನ ಮೇಲೆ, ಹೆಂಗಸರೆಲ್ಲ ಹೊರಗಿನ ಜಗಲಿಯ ಮೇಲೆ. ಹಾಡು ಎಷ್ಟು ರುಚಿಯೋ ಅದಕ್ಕಿಂತ ರುಚಿ ಹಾಡಿನ ಮುಂಚೆ ಬರುವ ಹೆಸರುಗಳು. ಕಾರ್ಡು ಬರೆದು ಹಾಡು ಕೇಳಿದವರ ಊರು, ಹೆಸರು, ಎಲ್ಲವನ್ನೂ ಅಲ್ಲಿಯ ಅನೌನ್ಸರು ಬೆಣ್ಣೆಯಂಥ ದನಿಯಲ್ಲಿ ಓದುತ್ತಿದ್ದ. ಯಾರನ್ನೇ ಆಗಲಿ ತೆಲುಗಿನವರ ಮರ್ಯಾದೆಯ 'ಗಾರು' ಸೇರಿಸಿಯೇ ಕರೆಯುತ್ತಿದ್ದ. ಮೇಸ್ತ್ರಿಯ ಬಾಯಲ್ಲಿ 'ಏಯ್' ಅನ್ನಿಸಿಕೊಳ್ಳುವ ಜನಕ್ಕೆ ಇದಕ್ಕಿಂತ ಇನ್ನೇನು ಬೇಕು.

ಆಂಜಿನಪ್ಪನೂ ಕಾರ್ಡು ಹಾಕಿದ್ದ, ಒಂದಲ್ಲ ಹಲವು. ತನ್ನ ಹೆಸರು, ಕುಪ್ಪುಸ್ವಾಮಿಯ ಹೆಸರು, ಗಣಿಯ ಜೊತೆಗಾರರ ಹೆಸರು, ಕೊನೆಗೆ ಜಾಗ ಉಳಿಯಿತೆಂದು ಅಂಗಡಿಯ ಲೋಟ ತೊಳೆಯುವ ಮುದುಕನ ಹೆಸರನ್ನೂ ಬರೆಸಿದ್ದ. ಒಂದೂ ಬರಲಿಲ್ಲ. ಹೆಂಡತಿಯ ಹೆಸರು ಬರೆಸಬೇಕೆಂದು ಆ ಪುಣ್ಯಾತ್ಮನಿಗೆ ಹೊಳೆದೇ ಇರಲಿಲ್ಲ.

ಹೆಂಡತಿ ಮುನಿಗಂಗಮ್ಮ ಬೂದಿಕೋಟೆ ಕಡೆಯವಳು. ಮಾತು ಕಮ್ಮಿ. ಗಂಡನ ಹೆಸರು ಹೇಳಿದರೆ ಗಂಡನ ಆಯಸ್ಸು ಸವೆಯುತ್ತದೆ ಎಂದು ಅವಳ ತಾಯಿ ಕಿವಿ ಹಿಂಡಿ ಕಲಿಸಿದ್ದಳು. ಅದಕ್ಕೇ ಅವಳು ಆಂಜನೇಯನ ಗುಡಿಯನ್ನೂ 'ಬಾಲದ ಸ್ವಾಮಿ ಗುಡಿ' ಎನ್ನುತ್ತಿದ್ದಳು. ಲೈನಿನವರು ಬೇಕೆಂದೇ ಕೆಣಕುತ್ತಿದ್ದರು, ಬಾಲದ ಸ್ವಾಮಿಗೆ ಹೆಸರಿಲ್ಲವೇನಮ್ಮ ಎಂದು. ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳೇ ಹೊರತು ಬಾಯಿ ಬಿಡುತ್ತಿರಲಿಲ್ಲ.

ಆ ಭಾನುವಾರ ಎಂದಿನ ಹಾಗೆ ರೇಡಿಯೋ ತನ್ನ ಹಸಿರು ದೀಪದ ಕಣ್ಣು ಬಿಟ್ಟುಕೊಂಡಿತ್ತು. ಆಂಜಿನಪ್ಪ ಗುಂಡಿ ಹಿಡಿದು ಕೂತಿದ್ದ. ಒಂದು ಹಾಡು ಮುಗಿಯಿತು. ಅನೌನ್ಸರು ಮುಂದಿನ ಕಾರ್ಡು ಎತ್ತಿಕೊಂಡ. ಕೋಲಾರ ಚಿನ್ನದ ಗಣಿ, ನಂದಿದುರ್ಗ ಲೈನಿನಿಂದ ಎಂದ. ಬೆಂಚಿನ ಮೇಲಿದ್ದವರು ಉಸಿರು ಬಿಗಿಹಿಡಿದರು. ಅಂತೂ ನನ್ನ ಹೆಸರು ಬಂತು ಎಂದು ಆಂಜಿನಪ್ಪನ ಎದೆ ಉಬ್ಬಿತು. ಅನೌನ್ಸರು ಮೆತ್ತಗೆ, ತಡೆದು, 'ಮುನಿಗಂಗಮ್ಮಗಾರು' ಎಂದ.

ಯಾರೋ ಕೇಕೆ ಹಾಕಿದರು. ಇನ್ಯಾರೋ ಆಂಜಿನಪ್ಪನ ಬೆನ್ನು ತಟ್ಟಿದರು. ಜಗಲಿಯ ಮೇಲಿದ್ದ ಮುನಿಗಂಗಮ್ಮ ಎದ್ದು ಬಾಗಿಲಿಗೆ ಬಂದು ನಿಂತಳು, ಸೆರಗು ಬಾಯಿಗೆ ಅಡ್ಡ, ಕಣ್ಣು ಮಾತ್ರ ಮಿನಮಿನ. ಆಂಜಿನಪ್ಪ ಅದನ್ನು ನೋಡಿದ. ನೋಡಿಯೂ ಅವನ ಹೊಟ್ಟೆಯೊಳಗೆ ಕಿಚ್ಚು ಹತ್ತಿತು. ಕೈಹಿಡಿದ ಗಂಡನೇ ಇಷ್ಟು ವರ್ಷದಲ್ಲಿ ಹೆಸರು ಹಿಡಿದು ಕರೆದಿಲ್ಲ, ಕಾಣದ ಊರಿನ ಯಾವನೋ ಅಷ್ಟು ನಯವಾಗಿ ಕರೆಯುತ್ತಾನೆ. ತನಗೆ ಹೇಳದೆ ಕೇಳದೆ ಇವಳು ಕಾರ್ಡು ಹಾಕಿಸಿದ್ದಾಳೆ. ನಾಳೆ ಗಣಿಯಲ್ಲಿ ಆಡಿಕೊಳ್ಳುವ ಬಾಯಿಗಳಿಗೆ ಬೀಗ ಹಾಕುವವರು ಯಾರು? ಎಲ್ಲಕ್ಕಿಂತ ಮೇಲಾಗಿ, ತನ್ನ ಕಾರ್ಡು ಬಿಟ್ಟು ಇವಳದು ಬಂತಲ್ಲ.

ಬೆರಳು ಒಂದಿಷ್ಟು ಅಲುಗಿತು. ಅಷ್ಟೇ. ಪೆಟ್ಟಿಗೆ 'ಕರ್ರ್' ಎಂದಿತು.

ಅಯ್ಯಯ್ಯೋ ಎಂದರು ಎಲ್ಲರೂ. ಸ್ಟೇಷನ್ ಜಾರಿಹೋಯ್ತು ಎಂದ ಆಂಜಿನಪ್ಪ, ಮುಖ ಎತ್ತದೆ. ಹಣೆ ಗಂಟು ಹಾಕಿಕೊಂಡು ಹುಡುಕಿದ, ಹುಡುಕುವ ಹಾಗೆ ಮಾಡಿದ. ಬೇಕಾದ ಜಾಗ ಎಲ್ಲಿದೆಯೆಂದು ಬೆರಳಿಗೆ ಚೆನ್ನಾಗಿ ಗೊತ್ತಿತ್ತು. ಆ ಜಾಗ ಒಂದನ್ನು ಬಿಟ್ಟು ಮಿಕ್ಕೆಲ್ಲ ಕಡೆ ಸುತ್ತಿ, ಒಂದು ಹಾಡಿನಷ್ಟು ಹೊತ್ತು ಕಳೆದು, ಆಮೇಲೆ ಸಿಲೋನಿಗೆ ಬಂದ. ಅನೌನ್ಸರು ಬೇರೆ ಯಾವುದೋ ಊರಿನವರ ಹೆಸರು ಓದುತ್ತಿದ್ದ. ಬಾಗಿಲಲ್ಲಿ ಮುನಿಗಂಗಮ್ಮ ಇರಲಿಲ್ಲ.

ಸಂಜೆ ಅವಳು ಮುದ್ದೆ ಬಡಿಸಿದಳು. ಅವನೇ ಬಾಯಿ ಬಿಟ್ಟು ಇವತ್ತು ಗಾಳಿ ಜಾಸ್ತಿ ಎಂದ. ಅವಳು ಊಂ ಎಂದಳು.

ಬೆಳಗ್ಗೆ ಗಣಿಯ ಬಾಯಲ್ಲಿ, ಕೆಳಕ್ಕಿಳಿಸುವ ತೊಟ್ಟಿಲಿಗಾಗಿ ಸಾಲು ನಿಂತಿದ್ದಾಗ ಕದಿರಪ್ಪ ಓಡಿಬಂದ. ಅವನು ಆಂಜಿನಪ್ಪನ ಜೊತೆಗಾರ, ಮನೆ ಬೇರೆ ಲೈನಿನಲ್ಲಿ, ಅಲ್ಲಿ ಅವರದೇ ರೇಡಿಯೋ.

"ಏನ್ಲಾ ಆಂಜಿನಪ್ಪ, ಸಿಲೋನ್ ಗಂಟ ಓಯ್ತಲ್ಲಾ ನಿನ್ನೆಸ್ರು! ನಮ್ ಲೈನ್ನಾಗೆ ಎಲ್ರೂ ಕೇಳುದ್ರು ಕಣ್ಲಾ."

ನನ್ನ ಹೆಸರಲ್ಲ, ಅವಳದು ಎಂದು ಆಂಜಿನಪ್ಪ ಗೊಣಗಿದ.

"ಮೊದ್ಲು ಅವ್ಳುದು, ಆಮ್ಯಾಕೆ ನಿಂದು. 'ನಮ್ಮ ಯಜಮಾನರು ಆಂಜಿನಪ್ಪನವರಿಗೆ ಈ ಹಾಡಂದ್ರೆ ಪ್ರಾಣ, ಮದ್ವೆಯಾದ ವಾರ ಬಂಗಾರಪೇಟೆ ಟೆಂಟ್ ಸಿನ್ಮಾದಾಗೆ ಇಬ್ರೂ ಕೇಳಿದ್ವಿ, ಅವರಿಗೋಸ್ಕರ ಹಾಕಿ' ಅಂತ ಬರ್ಸವ್ಳೆ. ಅದ್ಯಾಕ್ಲಾ, ನೀನು ಕೇಳ್ನಿಲ್ವಾ?"

ಆಂಜಿನಪ್ಪ ಟೋಪಿಯನ್ನು ಹಣೆಗೆ ಎಳೆದುಕೊಂಡು ಸಾಲಿನಲ್ಲಿ ಮುಂದೆ ಸರಿದ. ತೊಟ್ಟಿಲು ಬಂತು. ಎಲ್ಲರೂ ಒತ್ತೊತ್ತಾಗಿ ನಿಂತರು, ಅದು ಕತ್ತಲೆಗೆ ಇಳಿಯಿತು. ದಿನಾ ಇಳಿಯುವ ಗಣಿಯೇ. ಅವತ್ತು ಮಾತ್ರ ಭೂಮಿ ಬಾಯಿ ಮುಚ್ಚಿಕೊಂಡು ತನ್ನನ್ನು ಮೇಲಕ್ಕೆ ಕಳಿಸದೇ ಇದ್ದರೆ ಚೆನ್ನಾಗಿತ್ತು ಎನ್ನಿಸಿತು ಅವನಿಗೆ.

ಆ ಹಾಡು ಅವನಿಗೆ ಮರೆತೇಹೋಗಿತ್ತು. ಕತ್ತಲಲ್ಲಿ ಬಂಡೆ ಕೊರೆಯುತ್ತ ಕೊರೆಯುತ್ತ ನೆನಪಾಯಿತು. ಟೆಂಟಿನಿಂದ ಹೊರಟು ಅತ್ತೆಮನೆಗೆ ನಡೆದ ದಾರಿಯುದ್ದಕ್ಕೂ ಅವನು ಅದನ್ನೇ ಹಾಡಿದ್ದ, ಅವಳು ಹಿಂದೆ ಹಿಂದೆ ಬಂದಿದ್ದಳು. ಅವನು ಮರೆತದ್ದನ್ನು ಅವಳು ಇಷ್ಟು ವರ್ಷ ಇಟ್ಟುಕೊಂಡಿದ್ದಳು. ಥೂ ನಿನ್ನ ಜನ್ಮಕ್ಕೆ ಎಂದು ತನಗೆ ತಾನೇ ಅಂದುಕೊಂಡ. ಎಲ್ಲಾ ಲೈನಿನವರೂ ಕೇಳಿದ ಮಾತು, ಯಾರಿಗೋಸ್ಕರ ಹೇಳಿದ್ದೋ ಅವನೊಬ್ಬನಿಗೆ ತಪ್ಪಿತ್ತು. ತಪ್ಪಿಸಿದವನೂ ಅವನೇ.

ಪಾಳಿ ಮುಗಿದ ಮೇಲೆ ನೆಟ್ಟಗೆ ಪಾಪಕ್ಕನ ಮನೆಗೆ ಹೋದ. ಪಾಪಕ್ಕ ರವಿಕೆ ಹೊಲಿಯುವವಳು, ನಾಲ್ಕಕ್ಷರ ಬಲ್ಲವಳು, ಲೈನಿನ ಹೆಂಗಸರ ಕಾರ್ಡುಗಳೆಲ್ಲ ಅವಳ ಕೈಯವೇ. ಮುನಿಗಂಗಮ್ಮನ ಹೆಸರಿಗೆ ಒಂದು ಕಾರ್ಡು ಬರಿ, ಅದೇ ಹಾಡು ಎಂದ. ಪಾಪಕ್ಕ ಹೊಲಿಗೆ ಮಿಷನ್ನು ನಿಲ್ಲಿಸಿ ಅವನನ್ನು ನೋಡಿದಳು. ಗಂಡನ ಹೆಸರಿಲ್ಲದೆ ಹೇಗೆ ಬರೆಯಲಿ ಎಂದು ಮೊದಲ ಕಾರ್ಡು ಬರೆಸಲು ಬಂದ ದಿನ ಮುನಿಗಂಗಮ್ಮನಿಗೆ ಪಾಪಕ್ಕ ಹೇಳಿದ್ದಳಂತೆ, ನಿನಗೇ ಗೊತ್ತಲ್ಲಕ್ಕ ಎಂದು ಇವಳು ತಪ್ಪಿಸಿಕೊಂಡಳಂತೆ. ಆಗಲ್ಲಮ್ಮ, ಕಳಿಸುವವರೇ ಹೇಳಬೇಕು ಎಂದು ತಮಾಷೆಗೆ ಪಟ್ಟು ಹಿಡಿದಿದ್ದಳು ಪಾಪಕ್ಕ.

"ಗ್ವಾಡೆ ಕಡೀಕ್ ತಿರುಕ್ಕಂಡು ನಿನ್ನೆಸ್ರು ಅಂದ್ಲು ಕಣಪ್ಪ. ಅಂದ್ಬುಟ್ಟು ಬಾಲದ್ ಸ್ವಾಮಿ ಗುಡೀಗೆ ಓಡಿದ್ಲು, ಗಂಡುನ್ ಆಯಸ್ಸು ಕಾಪಾಡಪ್ಪ ಅಂತ ತಪ್ಪುಕಾಣ್ಕೆ ಕಟ್ಟಕೆ."

ಈ ಸಲ ನಿನ್ನ ಹೆಸರೂ ಸೇರಿಸಲೇ ಎಂದು ಪಾಪಕ್ಕ ಕೇಳಿದಳು.

"ಬ್ಯಾಡಕ್ಕ. ಅವ್ಳುದೊಂದೇ ಸಾಕು."

ಅಲ್ಲಿಂದ ಮುಂದೆ ಭಾನುವಾರಗಳು ಬಂದವು, ಹೋದವು. ಆಂಜಿನಪ್ಪ ಗುಂಡಿ ಹಿಡಿದು ಕೂರುತ್ತಿದ್ದ. ಮುನಿಗಂಗಮ್ಮ ಜಗಲಿಗೆ ಬರುವುದನ್ನು ಬಿಟ್ಟಳು. ಜಗಳವಿಲ್ಲ, ಮುನಿಸಿಲ್ಲ, ರಾಗಿ ಕೇರುವುದಿದೆ, ನೀರು ತರುವುದಿದೆ ಎನ್ನುತ್ತಿದ್ದಳು. ಅಂಗಡಿಯವರಿಗೋ ಇವನ ಮೇಲೆ ಇನ್ನಿಲ್ಲದ ಕನಿಕರ. ಪಾಪ, ಅವನ ಹೆಂಡತಿ ಹೆಸರು ಬಂದಾಗಲೇ ಹಾಳು ಸ್ಟೇಷನ್ ಜಾರಬೇಕೇ ಎಂದು ಕುಪ್ಪುಸ್ವಾಮಿ ಹೊಸಬರಿಗೆಲ್ಲ ಹೇಳಿ ಲೊಚಗುಟ್ಟುತ್ತಿದ್ದ, ಒಂದು ಟೀ ಹೆಚ್ಚಿಗೆ ಕೊಡುತ್ತಿದ್ದ. ನಿಜ ಹೇಳಿಬಿಡೋಣ ಎಂದು ಆಂಜಿನಪ್ಪ ಎಷ್ಟೋ ಸಲ ಬಾಯಿ ತೆರೆದ, ಟೀ ಕುಡಿದು ಮುಚ್ಚಿಕೊಂಡ.

ಕೊನೆಗೊಂದು ಭಾನುವಾರ ನಂದಿದುರ್ಗದ ಹೆಸರು ಬಂತು. ಆಂಜಿನಪ್ಪ ದನಿಯನ್ನು ಎಷ್ಟು ಏರಿಸಬಹುದೋ ಅಷ್ಟು ಏರಿಸಿದ. ತಡಿಕೆ ಗೋಡೆಯ ಮನೆಗಳು, ಸಾಲಿನ ಕೊನೆಯವರೆಗೂ ಕೇಳಿಸುವುದು ಅವನಿಗೆ ಗೊತ್ತಿತ್ತು. ಆಮೇಲೆ ಗುಂಡಿ ಬಿಟ್ಟು ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತ. 'ಮುನಿಗಂಗಮ್ಮಗಾರು' ಎಂದ ಅನೌನ್ಸರು, ಅದೇ ಬೆಣ್ಣೆ ದನಿಯಲ್ಲಿ. ಹಾಡು ಶುರುವಾಯಿತು. ನಡುವೆ ಒಮ್ಮೆ ಕರಕರ ಎಂದಿತು. ಗುಂಡಿ ಹಿಡಿಯೋ ಎಂದು ಎಲ್ಲರೂ ಕೂಗಿದರು, ಅವನು ಮುಟ್ಟಲಿಲ್ಲ. ಅದು ತಾನಾಗಿ ಸರಿಹೋಯಿತು. ಹಾಡು ಪೂರ್ತಿ ಆದ ಮೇಲೆ ಎದ್ದು ಮನೆಯ ಕಡೆ ಓಡಿದ.

ಮುನಿಗಂಗಮ್ಮ ಹೊಸ್ತಿಲ ಮೇಲೆ ಮೊರ ಇಟ್ಟುಕೊಂಡು ರಾಗಿಯಲ್ಲಿ ಕಲ್ಲು ಆರಿಸುತ್ತಿದ್ದಳು. ಅವನು ಎದುರು ಬಂದು ನಿಂತ. ಅವಳು ತಲೆ ಎತ್ತಲಿಲ್ಲ.

"ಇವತ್ತು ಸ್ಟೇಷನ್ ಜಾರ್ಲಿಲ್ವಾ?"

ಆಂಜಿನಪ್ಪ ಅಲ್ಲೇ ನೆಲದ ಮೇಲೆ ಕೂತುಬಿಟ್ಟ.

"ಅವತ್ತೂ ಜಾರಿರ್ಲಿಲ್ಲ ಕಣೆ. ನಾನೇ ತಿರುಗ್ಸಿದ್ದು."

"ಗೊತ್ತು," ಎಂದಳು. "ಆ ಕೈ ನಂಗೊತ್ತಿಲ್ವಾ."

ಒಂದು ಕಲ್ಲು ಆರಿಸಿ ಹೊರಗೆ ಎಸೆದಳು. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಅವಳು ಬೈಯಲಿಲ್ಲ.

"ಜಲ್ಮದಾಗೆ ಒಂದೇ ಕಿತ ಆ ಎಸ್ರು ಅಂದಿದ್ದೆ. ರೇಡಿಯೋನಾಗೆ ಎಂಗ್ ಕೇಳಿಸ್ತದೋ ಅಂತ ಆಸೆಯಾಗಿತ್ತು."

ಮೊರ ಎತ್ತಿಕೊಂಡು ಅವಳು ಒಳಗೆ ಹೋದಳು. ಅಂಗಡಿಯಲ್ಲಿ ಬೇರೆ ಹಾಡು ಶುರುವಾಗಿತ್ತು, ಸ್ಟೇಷನ್ ಜಾರುತ್ತಿದೆ ಬಾರೋ ಎಂದು ಕುಪ್ಪುಸ್ವಾಮಿ ಕೂಗುತ್ತಿದ್ದ. ಆಂಜಿನಪ್ಪ ಕೂತಲ್ಲಿಂದ ಏಳಲಿಲ್ಲ.