ಒಂದನೇ ತಾರೀಖಿನ ಬೆಲೆ

ಮೆಡಿಕಲ್ ಶಾಪಿನವರ ಹೆಣದ ಕಾಲ ಬಳಿ ಕುರ್ಚಿ ಸರಿಸುತ್ತಿದ್ದ ಪಕ್ಕದಂಗಡಿಯ ದರ್ಜಿ, ಬಾಗಿಲಲ್ಲಿ ನಿಂತ ಹೆಂಗಸನ್ನು ಕಂಡು ಕೆಲಸ ಅಲ್ಲಿಗೇ ಬಿಟ್ಟ. ಬಂದವಳು ಬಸ್ ಡ್ರೈವರನ ಹೆಂಡತಿ. ಡ್ರೈವರ್ ತೀರಿಕೊಂಡ ಮೇಲೆ ಹನ್ನೊಂದು ವರ್ಷ ಅವಳು ಈ ಮನೆಯ ಹೊಸ್ತಿಲು ತುಳಿದಿರಲಿಲ್ಲ, ಕೆಳಗಿನ ಮೆಡಿಕಲ್ ಶಾಪಿನ ಮೆಟ್ಟಿಲನ್ನೂ ಹತ್ತಿರಲಿಲ್ಲ. ತಲೆನೋವಿನ ಮಾತ್ರೆಗೂ ಮಾರ್ಕೆಟ್ಟಿನ ತನಕ ನಡೆಯುತ್ತಿದ್ದಳು. ಬೀದಿಗೆಲ್ಲ ಅದು ಗೊತ್ತಿತ್ತು, ಯಾಕೆಂದು ಮಾತ್ರ ಗೊತ್ತಿರಲಿಲ್ಲ.

ಯಾಕೆಂದು ತನಗೆ ಗೊತ್ತು ಎಂದುಕೊಂಡಿದ್ದವಳು ಸತ್ತ ಅಂಗಡಿಯವರ ಹೆಂಡತಿಯೊಬ್ಬಳೇ. "ಬನ್ನಿ ಅಕ್ಕ," ಎಂದು ಪಕ್ಕಕ್ಕೆ ಸರಿದು ಜಾಗ ಬಿಟ್ಟಳು.

ದರ್ಜಿಗೆ ಸುಮ್ಮನಿರುವುದು ಹುಟ್ಟಿನಿಂದಲೇ ಆಗಿಬಂದಿಲ್ಲ. "ಒಳ್ಳೆ ಮನುಷ್ಯ ಅತ್ತಿಗೆ. ಆದ್ರೆ ಒಂದು ಶೀಟ್ ಮಾತ್ರೆ ಕೇಳಿದ್ರೆ ಪೊಲೀಸ್ ವಿಚಾರಣೆ! ಮನೇಲಿ ಎಷ್ಟು ಉಳಿದಿವೆ, ನಾಳೆ ಬೆಳಿಗ್ಗೆಗೆ ಇದೆಯಾ ಅಂತ."

"ಬೆಲೆ ಇಳಿಯೋ ಸುದ್ದಿ ಮಾತ್ರ ಬಾಯಿ ಬಿಡ್ತಿರಲಿಲ್ಲ," ಎಂದರು ಗೋಡೆಗೊರಗಿದ್ದ ನಿವೃತ್ತ ಮೇಷ್ಟ್ರು. "ಸರಕಾರದ ಆದೇಶ ಕೈಲಿಟ್ಕೊಂಡೇ ಹಿಂದಿನ ದಿನ ನನಗೆ ಹಳೇ ಬೆಲೆಗೆ ಮಾರಿದ್ರು. ಹೋದವರ ಬಗ್ಗೆ ಹೇಳಬಾರದು, ಆದ್ರೂ ಜಿಪುಣ."

ಹೇಳಬಾರದು ಎನ್ನುತ್ತಲೇ ಹೇಳುವವರಿಗೆ ಏನು ಹೇಳುವುದು? ಅಂಗಡಿಯವರ ಹೆಂಡತಿ ದೀಪಕ್ಕೆ ಎಣ್ಣೆ ಸುರಿದಳು.

*

ಹನ್ನೊಂದು ವರ್ಷದ ಹಿಂದೆ, ಅಂದು ತಿಂಗಳ ಇಪ್ಪತ್ತೇಳು. ಡ್ರೈವರ್ ಚೀಟಿ ಚಾಚಿದಾಗ ಅಂಗಡಿಯವರು ಭಾರಿ ಖುಷಿಯಲ್ಲಿದ್ದರು. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ದಿನಾ ನುಂಗಬೇಕಾದ ಆ ದುಬಾರಿ ಮಾತ್ರೆಗೆ ಸರಕಾರ ಬೆಲೆಯ ಮಿತಿ ಹಾಕಿತ್ತು. ಒಂದನೇ ತಾರೀಖಿನಿಂದ ಅರ್ಧಕ್ಕರ್ಧ ಇಳಿಕೆ.

"ಈಗ ಬೇಡ ಕಣಪ್ಪಾ. ನಾಲ್ಕು ದಿನ ಬಿಟ್ಟು ಬಾ, ಅರ್ಧ ರೇಟಿಗೆ ಕೊಡ್ತೀನಿ."

"ಸರಕಾರ ಇಳಿಸುತ್ತೆ ಅಂದ್ರೆ ನಂಬೋದಾ ಅಣ್ಣ?"

"ಆದೇಶ ಇಲ್ಲೇ ಇದೆ, ಓದ್ಕೋ."

ಡ್ರೈವರ್ ನಗುತ್ತಾ ಹೋದ. ಮನೆಯಲ್ಲಿ ನಾಲ್ಕು ಮಾತ್ರೆಯಾದರೂ ಉಳಿದಿರುತ್ತವೆ ಎಂದು ಅಂಗಡಿಯವರು ತಾವೇ ಅಂದುಕೊಂಡರು, ಬಾಯಿಬಿಟ್ಟು ಕೇಳಲಿಲ್ಲ. ಒಂದೂ ಇರಲಿಲ್ಲ. ಮೂವತ್ತರ ಮಧ್ಯಾಹ್ನ ಡಿಪೋದಲ್ಲಿ ಊಟದ ಡಬ್ಬಿ ಮುಚ್ಚುತ್ತಿದ್ದವನು ಎದೆ ಹಿಡಿದುಕೊಂಡು ಬಿದ್ದ. ಮತ್ತೆ ಏಳಲಿಲ್ಲ.

ಆಮೇಲೆ ಅವರು ಬೆಲೆ ಇಳಿಯುವ ಸುದ್ದಿಯನ್ನು ಯಾರಿಗೂ ಮುಂಚಿತವಾಗಿ ಹೇಳಲಿಲ್ಲ. ಬೈಸಿಕೊಂಡರು, ಹೇಳಲಿಲ್ಲ. ಡ್ರೈವರನ ಹೆಂಡತಿ ಬೀದಿಯಲ್ಲಿ ಕಂಡರೆ ಕೌಂಟರಿನ ಹಿಂದೆ ಬಗ್ಗಿ ಏನೋ ಹುಡುಕುವವರಂತೆ ನಟಿಸುತ್ತಿದ್ದರು. ಹೋದ ವಾರ ಆಸ್ಪತ್ರೆಯ ಹಾಸಿಗೆಯಲ್ಲಿ, "ನಾನೇ ಹೋಗಿ ಕ್ಷಮೆ ಕೇಳಬೇಕಿತ್ತು ಕಣೇ, ಧೈರ್ಯ ಬರಲಿಲ್ಲ. ನೀನಾದ್ರೂ ಕೇಳು," ಎಂದಿದ್ದರು.

*

ಅಂಗಡಿಯವರ ಹೆಂಡತಿ ಬಂದವಳನ್ನು ಒಳಕೋಣೆಗೆ ಕರೆದೊಯ್ದಳು. "ಅಕ್ಕ, ನಿಮ್ಮ ಯಜಮಾನ್ರಿಗೆ ನಾಲ್ಕು ದಿನ ಬಿಟ್ಟು ಬಾ ಅಂದದ್ದು ಇವರೇ. ಅದಕ್ಕೇ ತಾನೆ ನೀವು ಅಂಗಡಿ ಕಡೆ ಬರದೇ ಇದ್ದದ್ದು? ದೊಡ್ಡ ಮನಸ್ಸು ಮಾಡಿ ಕ್ಷಮಿಸಿಬಿಡಿ."

ಡ್ರೈವರನ ಹೆಂಡತಿ ಮಂಚದ ತುದಿಯಲ್ಲಿ ಕುಳಿತಳು.

"ನಮ್ಮ ಯಜಮಾನ್ರು ಮನೆಗೆ ಬಂದು, ಕಾಯೋಣವಾ ಅಂತ ನನ್ನ ಕೇಳಿದ್ರು. ಮಾತ್ರೆ ಮುಗಿದಿರೋದು ನನಗೆ ಗೊತ್ತಿತ್ತು. ನಾಲ್ಕು ದಿನ ತಾನೆ, ಏನೂ ಆಗಲ್ಲ ಬಿಡಿ ಅಂದವಳು ನಾನು. ಆ ದುಡ್ಡಲ್ಲಿ ಮಗಳಿಗೆ ಸ್ಕೂಲ್ ಶೂ ತಂದೆ." ಮುಖ ಒರೆಸಿಕೊಂಡಳು. "ಎದುರಿಗೆ ಸಿಕ್ಕಿದ್ರೆ, 'ಮನೇಲಿ ಮಾತ್ರೆ ಇತ್ತೇನಮ್ಮ' ಅಂತ ಅಂಗಡಿ ಅಣ್ಣ ಕೇಳಿಬಿಡ್ತಾರೆ ಅಂತ ಹೆದರಿದ್ದೆ."

ಹನ್ನೊಂದು ವರ್ಷ, ಒಂದೇ ಬೀದಿಯಲ್ಲಿ, ಒಬ್ಬರಿಗೊಬ್ಬರು ಹೆದರಿಕೊಂಡು!

"ಹೊತ್ತಾಯ್ತು, ಎತ್ತೋಣ," ಎಂದು ಹೊರಗಿನಿಂದ ದರ್ಜಿ ಕೂಗಿದ. ನಾಲ್ವರು ಹೆಣದ ಸುತ್ತ ಬಗ್ಗಿದರು. ಡ್ರೈವರನ ಹೆಂಡತಿ ಅವರ ನಡುವೆ ನುಗ್ಗಿ, ಮಂಡಿಯೂರಿ, ಅಂಗಡಿಯವರ ಕಿವಿಗೆ ಬಾಯಿ ಹಚ್ಚಿ ಮಾತಾಡತೊಡಗಿದಳು. ಏನೆಂದು ಯಾರಿಗೂ ಕೇಳಿಸಲಿಲ್ಲ. ಅವಳು ನಿಲ್ಲಿಸುವಂತೆಯೂ ಕಾಣಲಿಲ್ಲ. ನಾಲ್ವರೂ ಬೆನ್ನು ನೆಟ್ಟಗೆ ಮಾಡದೆ, ಖಾಲಿ ಕೈ ಚಾಚಿಕೊಂಡು ಹಾಗೇ ನಿಂತರು.